ಆರ್ಚಾ ಹೊಗೆ ಅಂದುಕೊಂಡೆವು

ನರೀನ್,
ಫೆಬ್ರವರಿ 11, ಮಧ್ಯಾಹ್ನ

ನನ್ನ ಕಂದ ಎರ್ಕಿನ್,

ಹೇಗಿದ್ದೀಯ? ಸೊಂಟದ ನೋವು ಏನಾಯಿತು? ಸಿಮೆಂಟಿನ ಮೂಟೆ ಒಬ್ಬನೇ ಎತ್ತಬೇಡ ಎಂದು ಬಡಕೊಂಡಿದ್ದೇನೆ, ಕೇಳುವವನಾದರೆ ತಾನೆ! ನಾನು ಹೆಣೆದುಕೊಟ್ಟ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲಾ ಅದು ಚೀಲದ ತಳದಲ್ಲೇ ಬಿದ್ದಿದೆಯೋ? ಇಲ್ಲಿ ನನ್ನ ಮಂಡಿಯೊಂದು ಬಿಟ್ಟರೆ ಎಲ್ಲರೂ ಸೌಖ್ಯ. ನಿನ್ನ ಮಗಳು ಐಪೆರಿ ಗೋಡೆ ಹಿಡಿದು ಹೆಜ್ಜೆ ಹಾಕುತ್ತಾಳೆ. ಬಿದ್ದರೆ ಅಳುವುದಿಲ್ಲ, ಬಿದ್ದ ನೆಲಕ್ಕೇ ಎರಡು ಏಟು ಕೊಡುತ್ತಾಳೆ, ಥೇಟ್ ನಿನ್ನ ಹಾಗೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಬಂದಾಗ ನಿನ್ನ ಹೆಂಡತಿ ಚೋಲ್ಪೋನ್ ಪಕ್ಕದಲ್ಲೇ ಇರುತ್ತಾಳೆ, ನಾನು ಹೇಳಹೊರಟಿರುವುದು ಅವಳೆದುರು ಹೇಳುವಂಥದ್ದಲ್ಲ. ನಿನ್ನ ಗೆಳೆಯ ಸಮಾತ್ ಇವತ್ತು ಅಲ್ಲಿಗೆ ವಾಪಸು ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ ಮಗನೇ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಚೋಲ್ಪೋನ್ ಹೊಸ ಕಂಪ್ಯೂಟರನ್ನು ಯಾಕೆ ಕೂಡಿಸಲು ಹೊರಟಳು ಎಂದು ನಿನಗೆ ಗೊತ್ತು. ಬಿಷ್ಕೆಕ್‌ನ ಆ ಮನೆ ಕಟ್ಟುವ ಕಂಪನಿಯವರು, ಇನ್ನೂ ಪಾಯ ಕೂಡ ತೋಡದ ಕಟ್ಟಡ ಎದ್ದು ನಿಂತ ಹಾಗೆ ಒಂದು ಪುಟ್ಟ ಸಿನಿಮಾ ಮಾಡಿ ಶುಕ್ರವಾರದೊಳಗೆ ಕಳಿಸು, ಹಿಡಿಸಿದರೆ ಮನೆಯಲ್ಲೇ ಕುಳಿತು ಮಾಡುವ ಖಾಯಂ ಕೆಲಸ ಕೊಡುತ್ತೇವೆ ಎಂದಿದ್ದರು. ಹಳೆಯ ಯಂತ್ರ ಅದಕ್ಕೆ ಏದುಸಿರು ಬಿಡುತ್ತಿತ್ತು. ಅತ್ತ ನಿನ್ನ ಮೇಸ್ತ್ರಿ, ಇನ್ನೊಂದು ವರ್ಷ ಇರುತ್ತೀಯೋ ಇಲ್ಲವೋ ಎಂದು ತಿಂಗಳ ಕೊನೆಗೆ ಉತ್ತರ ಕೇಳುತ್ತಾನೆ. ಅವಳಿಗೆ ಕೆಲಸವಾದರೆ ನೀನು ಮನೆಗೆ, ಆಗದಿದ್ದರೆ ಮತ್ತೊಂದು ಚಳಿಗಾಲ ಯೆಕಟೆರಿನ್‌ಬರ್ಗ್‌ನ ಹಿಮದಲ್ಲಿ. ನನಗೆ ಕಂಪ್ಯೂಟರ್ ಯಾತಕ್ಕೆ ಬೇಕು? ನನಗೆ ನೀನು ಬೇಕು. ಅದಕ್ಕೇ ಅವಳ ಹಿಂದೆಮುಂದೆ ಸುತ್ತುತ್ತಿದ್ದೆ.

ಮಂಗಳವಾರ ಅಡುಗೆಮನೆಯಿಂದ ಬಂದು ನೋಡುತ್ತೇನೆ, ನಾವು ರೊಟ್ಟಿ ಇಡುವ ಮೇಜಿನ ಮೇಲೆ ತಗಡು, ತಂತಿ, ತಿರುಪು! ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಕೂತಿದ್ದಾಳೆ ನಮ್ಮ ಮನೆಯ ಸೊಸೆ. “ಅಯ್ಯೋ, ಅನ್ನ ತಿನ್ನೋ ಜಾಗ ಕಣೇ!” ಎಂದು ಕೂಗಿಕೊಂಡೆ. ತಕ್ಷಣ ಎಲ್ಲವನ್ನೂ ನೆಲಹಾಸಿನ ಮೇಲೆ ಇಳಿಸಿದಳು. ಪ್ರೊಸೆಸರ್ ಎನ್ನುವ ಪುಟ್ಟ ಬಿಲ್ಲೆಯ ಮೇಲೆ ಬಟಾಣಿ ಕಾಳಿನಷ್ಟು ಬೂದು ಅಂಟು ಹಾಕಿದಳು. ಇನ್ನಷ್ಟು ಹಾಕು, ಜಿಪುಣತನ ಯಾಕೆ ಎಂದೆ. “ಅತ್ತೆ, ಇದೇನು ರೊಟ್ಟಿಗೆ ಹಚ್ಚೋ ಬೆಣ್ಣೆನಾ? ಜಾಸ್ತಿಯಾದ್ರೆ ಬಿಸಿ ಹೊರಗೆ ಹೋಗಲ್ಲ” ಎಂದು ನಕ್ಕಳು. ಅದರ ಮೇಲೆ ತಗಡಿನ ರೆಕ್ಕೆಗಳ ಒಂದು ಗೋಪುರ ಕೂರಿಸಿ, ಅದಕ್ಕೊಂದು ಫ್ಯಾನ್ ಸಿಕ್ಕಿಸಿ, ನಾಲ್ಕೂ ತಿರುಪನ್ನು ಅಡ್ಡಡ್ಡಲಾಗಿ ಸ್ವಲ್ಪ ಸ್ವಲ್ಪವೇ ಬಿಗಿದಳು. ಮುಂದಿನ ಫ್ಯಾನ್ ಗಾಳಿ ಒಳಗೆಳೆಯಬೇಕಂತೆ, ಹಿಂದಿನದು ಹೊರಗೆ ತಳ್ಳಬೇಕಂತೆ.

ಕರೆಂಟು ಹಂಚುವ ಪೆಟ್ಟಿಗೆ ಮಾತ್ರ ಎರಡಿದ್ದವು. ಒಂದು ಅವಳೇ ಬಿಷ್ಕೆಕ್‌ನಿಂದ ತರಿಸಿದ್ದು. ಯಾವ ಭಾಗ ಎಷ್ಟು ಕರೆಂಟು ತಿನ್ನುತ್ತದೆ ಎಂದು ಕೂಡಿಸಿ, ನಮ್ಮೂರ ಸಂಜೆಯ ಕರೆಂಟು ಎಂಥದ್ದೆಂದು ನೆನೆದು, ಸ್ವಲ್ಪ ಹೆಚ್ಚಿನದನ್ನೇ ಆರಿಸಿದ್ದಳು. ಇನ್ನೊಂದು ನೀನು ಸಮಾತ್ ಕೈಯಲ್ಲಿ ಕಳಿಸಿದ್ದು, ಮೇಲೆ ಕೆಂಪು ಚೀಟಿ, ಇಷ್ಟು ಕರೆಂಟು ಕೊಡುತ್ತದೆ ಎಂದು ದಪ್ಪ ಅಂಕಿ. ಅವಳು ಅದರ ತಂತಿಯನ್ನು ಬೆರಳಲ್ಲಿ ಹೊಸಕಿ ನೋಡಿ, “ವೈರು ತೆಳ್ಳಗಿದೆ ಅತ್ತೆ” ಎಂದು ಮೆಲ್ಲಗೆ ಅಂದಳು. ಪಕ್ಕದ ಮನೆಯ ಕುಲೈಮ್ ಅಲ್ಲೇ ಚಹಾ ಹೀರುತ್ತಾ ಕೂತಿದ್ದಳಲ್ಲ, ಸುಮ್ಮನಿರುತ್ತಾಳೆಯೇ? “ಗಂಡ ಅಷ್ಟು ದೂರದಿಂದ ಕಳಿಸಿದ್ದನ್ನ ಮೂಲೆಗೆ ಎಸೆದು ಅಂಗಡೀದು ಹಾಕ್ತಾಳಾ? ಕಾಲ ಕೆಟ್ಟೋಯ್ತು ಬುರುಲ್!” ಎಂದುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. “ನನ್ನ ಮಗ ಕಳಿಸಿದ್ದನ್ನೇ ಹಾಕು” ಎಂದೆ. ಹೊರಗಿನವರ ಮುಂದೆ ಅತ್ತೆಗೆ ಸೊಸೆ ಎದುರಾಡುವುದು ನಮ್ಮಲ್ಲಿ ಉಂಟೇ? ಅವಳು ತಲೆ ತಗ್ಗಿಸಿ “ಆಯ್ತು ಅತ್ತೆ” ಅಂದಳು, ನಿನ್ನದನ್ನೇ ಕೂರಿಸಿದಳು.

ಯಂತ್ರ ಎದ್ದಿತು. ಕುಲೈಮ್ ಬಾಯಿ ತೆರೆದು ನೋಡಿದ್ದೇ ನೋಡಿದ್ದು. ಅವಳ ಕಣ್ಣು ಎಂಥದ್ದೆಂದು ಗೊತ್ತಲ್ಲ, ಅವಳು ಹೊಗಳಿದ ಹಸು ಮರುದಿನ ಹಾಲು ಬಿಡುವುದಿಲ್ಲ. ಅವಳು ಹೊಸ್ತಿಲು ದಾಟಿದ್ದೇ ತಡ, ಬಾಣಲೆಯಲ್ಲಿ ನಮ್ಮ ಬೆಟ್ಟದ ಆರ್ಚಾ ಗಿಡದ ಒಣ ಸೊಪ್ಪಿಗೆ ಕೆಂಡ ಹಾಕಿ ದೃಷ್ಟಿ ತೆಗೆಯಲು ಕಂಪ್ಯೂಟರಿನ ಸುತ್ತ ಹೊಗೆ ಆಡಿಸಿದೆ. ಹೊಗೆ ಮುಂದಿನಿಂದ ಸುಯ್ಯೆಂದು ಒಳಹೋಗಿ ಹಿಂದಿನಿಂದ ಹೊರಬಂತು! ಚೋಲ್ಪೋನ್ ಚಪ್ಪಾಳೆ ತಟ್ಟಿ, “ಗಾಳಿ ಸರಿಯಾಗಿ ಓಡ್ತಿದೆ ಅತ್ತೆ, ನಿಮ್ಮ ಹೊಗೇನೇ ಸಾಕ್ಷಿ!” ಅಂದಳು. ಹಿಗ್ಗಿಹೋದೆ ನಾನು. ಇನ್ನೊಂದು ಹಿಡಿ ಸೊಪ್ಪು ಹಾಕಿದೆ.

ಸಂಜೆ ಅವಳು ಸಿನಿಮಾ ಮಾಡಲು ಹಚ್ಚಿದಳು. ಊರಿನವರೆಲ್ಲ ಹೀಟರ್ ಹಾಕುವ ಹೊತ್ತು, ಬಲ್ಬು ಮಂಕಾಯಿತು. ಸ್ವಲ್ಪ ಹೊತ್ತಿಗೆ ಅವಳು ಮೂಗು ಅರಳಿಸಿ, “ಅತ್ತೆ, ಏನೋ ಸುಟ್ಟ ವಾಸನೆ” ಎಂದಳು. “ನನ್ನ ಆರ್ಚಾ ಕಣೇ ಅದು, ನೀನು ಕೆಲಸ ನೋಡು” ಎಂದೆ. ಆದರೂ ಅವಳ ಕೈ ಸ್ವಿಚ್ಚಿನತ್ತ ಹೋಯಿತು. ಮಧ್ಯದಲ್ಲಿ ಆರಿಸಿದರೆ ದೃಷ್ಟಿ ಪೂರ್ತಿ ಇಳಿಯುವುದಿಲ್ಲ, ತೆಗಿ ಕೈ ಎಂದು ಗದರಿದೆ. ತೆಗೆದಳು.

ಢಂ ಎಂದಿತು ನೋಡು! ನೀಲಿ ಬೆಂಕಿ ಚಿಮ್ಮಿತು, ಮನೆಯೆಲ್ಲ ಕತ್ತಲೆ, ಐಪೆರಿ ಕಿಟಾರನೆ ಕಿರುಚಿದಳು. ಏನು ಮಾಡುತ್ತಿದ್ದೇನೆಂದೇ ತಿಳಿಯದೆ ನೀರಿನ ಬಕೆಟ್ ಎತ್ತಿದೆ. “ಬೇಡಾ! ಬಿಡೀ ಅದನ್ನ, ಸತ್ತು ಹೋಗ್ತೀರಾ!” ಎಂದು ಚೋಲ್ಪೋನ್ ಅಬ್ಬರಿಸಿ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು, ಗೋಡೆಯ ಪ್ಲಗ್ ಕಿತ್ತಳು. ಮದುವೆಯಾಗಿ ಬಂದಾಗಿನಿಂದ ನನ್ನೆದುರು ಒಂದು ದಿನವೂ ದನಿ ಎತ್ತರಿಸದ ಹುಡುಗಿ! ಆ ಸ್ಫೋಟಕ್ಕಿಂತ ಅವಳ ದನಿಗೇ ನಾನು ಬೆಚ್ಚಿಬಿದ್ದೆ. ಕಂಪ್ಯೂಟರ್ ಹೋಯಿತು, ಕೆಲಸ ಹೋಯಿತು, ನನ್ನ ಮಗ ಬರುವುದಿಲ್ಲ, ಕೈಯಾರೆ ನಾನೇ ಕೆಡಿಸಿದೆ ಎಂದು ಗೋಳೋ ಎಂದು ಅತ್ತುಬಿಟ್ಟೆ ಎರ್ಕಿನ್.

ಅವಳು ಅಳಲಿಲ್ಲ, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕರೆಂಟು ಬಂದ ಮೇಲೆ ಕೌದಿಗಳ ಅಡಿಯಿಂದ ತಾನು ತರಿಸಿದ್ದ ಪೆಟ್ಟಿಗೆ ತೆಗೆದು, ಸುಟ್ಟದ್ದನ್ನು ಬಿಚ್ಚಿ ಇದನ್ನು ಜೋಡಿಸಿದಳು. ಎರಡು ಸಲ ತಿರುಪು ಬೀಳಿಸಿದಳು. ಒತ್ತಿದಳು. ಫ್ಯಾನ್ ತಿರುಗಿತು, ನಿಂತಿತು. ಮತ್ತೆ ತಿರುಗಿತು, ಪರದೆ ಬೆಳಗಿತು. ಉಳಿದದ್ದಕ್ಕೆ ಏನೂ ಆಗಿರಲಿಲ್ಲ! ನಾನು ನಮ್ಮ ಹೀಟರ್ ಆರಿಸಿ, ಐಪೆರಿಯನ್ನು ಕೋಟಿನೊಳಗೆ ಸುತ್ತಿಕೊಂಡು ಕೂತೆ. ಚಹಾಕ್ಕೆ ಬಂದ ಕುಲೈಮ್‌ಳನ್ನು ಬಾಗಿಲಲ್ಲೇ ಸಾಗಹಾಕಿದೆ. ಶುಕ್ರವಾರ ಸಿನಿಮಾ ಕಂಪನಿಗೆ ತಲುಪಿತು. ನಿನ್ನ ಪೆಟ್ಟಿಗೆಯನ್ನು ಸಮಾತ್ ಬಿಚ್ಚಿ ನೋಡಿದ. ಒಳಗೆ ಭಾರ ತೋರಲಿ ಎಂದು ಒಂದು ಕಬ್ಬಿಣದ ತುಂಡು ಅಂಟಿಸಿದ್ದರು ಕಣೋ! ಎಂಥ ಕಳ್ಳರು! ನಿನ್ನ ತಪ್ಪಲ್ಲ, ಪೇಟೆಯವರು ನಿನಗೆ ಟೋಪಿ ಹಾಕಿದ್ದಾರೆ.

ಆದರೆ ನನ್ನನ್ನು ಎಲ್ಲಕ್ಕಿಂತ ದಂಗುಬಡಿಸಿದ್ದು ನಿನ್ನೆಯ ಫೋನು. ನೀನು ಕಳಿಸಿದ್ದು ಹೇಗಿದೆ ಎಂದು ಅವಳನ್ನು ಕೇಳಿದೆಯಲ್ಲ, ಅವಳು ಕಣ್ಣು ಮಿಟುಕಿಸದೆ, “ನಿಮ್ಮದೇ ಹಾಕಿರೋದು, ತುಂಬಾ ಗಟ್ಟಿ, ಒಂಚೂರು ಸದ್ದಿಲ್ಲ” ಎಂದಳು. ಆಮೇಲೆ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದ್ದಕ್ಕೆ, “ಅಲ್ಲಿ ಒಬ್ಬರೇ ಇದ್ದಾರೆ ಅತ್ತೆ. ಆಸೆಯಿಂದ ಕಳಿಸಿದ್ದು ಸುಟ್ಟೋಯ್ತು ಅಂತ ಹೆಂಗೆ ಹೇಳಲಿ?” ಅಂದಳು. ನನಗೆ ನಾಚಿಕೆಯಾಯಿತು. ಇಂಥ ಹುಡುಗಿಗೆ ನಾನು ಗದರಿದೆನಲ್ಲ.

ಚೆನ್ನಾಗಿ ಉಣ್ಣು, ಕಿವಿ ಮುಚ್ಚಿಕೊಂಡು ಹೊರಗೆ ಹೋಗು. ನಿನ್ನ ದಾರಿ ಬೆಳ್ಳಗಿರಲಿ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಬುರುಲ್

ಮರೆತೆ: ಸಮಾತ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವಳಿಗೆ ಕೆಲಸ ಸಿಕ್ಕಿದೆ. ಇನ್ನೂ ಉತ್ತರ ಬಂದಿಲ್ಲ ಎಂದು ಅವಳು ನಿನಗೆ ಹೇಳಿದ್ದೂ ಸುಳ್ಳೇ. ನನ್ನ ಕೈ ಹಿಡಿದು, “ಅವರಿಗೆ ಹೇಳ್ಬೇಡಿ ಅತ್ತೆ, ಹೆಂಡತಿ ದುಡೀತಾಳೆ ಅಂತ ಬರೋದು ಬೇಡ, ನಮ್ಮನ್ನ ಬಿಟ್ಟಿರೋಕಾಗಲ್ಲ ಅಂತ ಬರಲಿ” ಎಂದಳು. ಹೂಂ ಎಂದಿದ್ದೆ, ನೋಡು, ಬರೆದುಬಿಟ್ಟೆ. ಈ ಕಾಗದ ಮುಟ್ಟಿದ ಕೂಡಲೇ ಅವಳಿಗೆ ಫೋನು ಮಾಡು. ಕೆಲಸದ ಮಾತೇ ಎತ್ತಬೇಡ. ಬರುತ್ತೇನೆ ಅನ್ನು, ಅಷ್ಟೇ.