ಮೂರನೇ ಬಾಗಿಲ ಮುದುಕಿ

ಪಣ ಸೋತಿರುವ ಮಗಳು ಮಿನೋರಿಗೆ, ಗೆದ್ದಿರುವ ಅಮ್ಮ ಶಿಗೆನೊ ಬರೆಯುವುದು.

ಹೌದು, ಗೆದ್ದೆ. ನಿನ್ನ ಮೂರನೇ ಬಾಗಿಲ ಮುದುಕಿ ನಿನ್ನೆ ಮಧ್ಯಾಹ್ನ ಚಹಾದ ಹೊತ್ತಿಗೆ ನೆಲಕ್ಕೆ ಬಿದ್ದಳು. ಸಾಕ್ಷಿಗೆ ಫುಸಾಕೊ ಇದ್ದಳು. ತೋಫು ಅಂಗಡಿಯ ಬಾಗಿಲು ಹಾಕಿಕೊಂಡು ದಿನಾ ನಮ್ಮ ಮನೆಗೆ ಬಂದು, ಟಿವಿಯಲ್ಲಿ ನಾನು ಸಾಯುವುದನ್ನು ನೋಡಿ ನಗುತ್ತಿದ್ದವಳು ಅವಳೇ. ಫೋನಿನಲ್ಲಿ ಒಂದು ಸಾಲು ಕಳಿಸಿದ್ದರೂ ಆಗುತ್ತಿತ್ತು, ನಿಜ. ಆದರೆ ಇದು ಒಂದು ಸಾಲಿನ ಗೆಲುವಲ್ಲ. ಗರಡಿಯ ಮರದ ನೆಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಬರೆಯುತ್ತಿದ್ದೇನೆ. ನೀನೂ ಬೆನ್ನು ನೆಟ್ಟಗೆ ಮಾಡಿ ಓದು.

ಪಣ ಏನಿತ್ತೆಂದು ನೆನಪಿಸುವುದು ಗೆದ್ದವರ ಹಕ್ಕು. ಬೇಸಿಗೆಯಲ್ಲಿ ಹಿರಿಯರ ಹಬ್ಬಕ್ಕೆ ನೀನು ಒಸಾಕಾದಿಂದ ಬಂದಿದ್ದೆ. ನಿನ್ನಜ್ಜಿ ಕಟ್ಟಿದ ಈ ಗರಡಿಯನ್ನು ಬರುವ ವಸಂತದಿಂದ ನೀನು ನೋಡಿಕೊಳ್ಳಬೇಕು ಎಂದೆ. ಕಲ್ಲಂಗಡಿ ಕೊಯ್ಯುತ್ತಿದ್ದ ನೀನು ತಲೆ ಎತ್ತದೆ, “ಅಮ್ಮಾ, ನನಗೂ ಅಲ್ಲಿ ಒಂದು ಗರಡಿ ಇದೆ” ಎಂದೆ. ವಿಡಿಯೊ ಗೇಮಿನ ಕಂಪನಿಯಲ್ಲಿ ಕಾದಾಟದ ವರಸೆಗಳನ್ನು ಹೆಣೆಯುವ ಕೆಲಸ ನಿನ್ನದು. ಅದನ್ನು ಗರಡಿ ಎಂದು ಕರೆದದ್ದು ನನಗೆ ಸಹಿಸಲಾಗಲಿಲ್ಲ. “ಕೂತ್ಕೊಂಡು ಬಟನ್ ಒತ್ತೋದು ಒಂದು ಕಾದಾಟನೇನೇ? ಬೆವರು ಬರುತ್ತಾ? ಏಟು ಬೀಳುತ್ತಾ?” ಎಂದೆ. ನೀನು ದನಿ ಏರಿಸಲಿಲ್ಲ. ಚೀಲದಿಂದ ಆಟದ ಪೆಟ್ಟಿಗೆ ತೆಗೆದು ಟಿವಿಯ ಪಕ್ಕ ಇಟ್ಟೆ. “ಇದರಲ್ಲಿ ಮೂರನೇ ಬಾಗಿಲ ಹತ್ರ ಒಬ್ಬಳು ಮುದುಕಿ ಇದಾಳೆ. ಅವಳನ್ನ ಸೋಲಿಸಮ್ಮ. ಸೋಲಿಸಿದ್ರೆ ವಸಂತಕ್ಕೆ ಬಂದು ಗರಡಿ ನೋಡ್ಕೋತೀನಿ. ವರ್ಷ ಮುಗಿಯೋದ್ರೊಳಗೆ ಆಗ್ಲಿಲ್ವೋ, ಇನ್ಮೇಲೆ ಈ ಮಾತು ಎತ್ತಬಾರದು.” ನನಗೆ ಆಗುವುದಿಲ್ಲವೆಂದೇ ನಿನ್ನ ಲೆಕ್ಕ. ನನ್ನ ಹೊಟ್ಟೆಯಲ್ಲಿ ಹುಟ್ಟಿಯೂ ನಿನಗೆ ನಾನು ಗೊತ್ತಿಲ್ಲ.

ಆಟ ಶುರುವಾದ ಕೂಡಲೇ, ನಾನು ಆಡಿಸಬೇಕಾದ ಹುಡುಗಿಗೆ ಹೆಸರಿಡು ಎಂದಿತು. ಶಿಗೆನೊ ಎಂದಿಟ್ಟೆ. ಬೇರೆಯವರ ಹೆಸರಿನಲ್ಲಿ ಹೊಡೆದಾಡಿ ನನಗೆ ಅಭ್ಯಾಸವಿಲ್ಲ. ಆಯುಧ ಆರಿಸು ಎಂದಾಗ ನಮ್ಮದೇ ನಗಿನಾತ ಕಂಡಿತು. ಆಳೆತ್ತರದ ಕೋಲು, ತುದಿಗೆ ಬಾಗಿದ ಅಲಗು. ಕತ್ತಿ, ಬಿಲ್ಲು, ಕೊಡಲಿಗಳ ಸಾಲಿನ ಕಟ್ಟಕಡೆಗೆ ಅದನ್ನು ಇಟ್ಟಿದ್ದೀಯ. ಅದನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಮೊದಲ ಸೇತುವೆಯ ಮೇಲೆ ಒಬ್ಬ ಕಳ್ಳ ಬಂದ. ನಾನು ಕಂಟ್ರೋಲರ್ ತೊಡೆಯ ಮೇಲಿಟ್ಟು ತಲೆ ಬಾಗಿಸಿದೆ. ತಲೆ ಎತ್ತುವಷ್ಟರಲ್ಲಿ ನಿನ್ನ ಹುಡುಗಿ ನದಿಗೆ ಬಿದ್ದಿದ್ದಳು. ಮತ್ತೆ ಹೋದೆ, ಮತ್ತೆ ತಲೆ ಬಾಗಿಸಿದೆ, ಮತ್ತೆ ನದಿ. ಎದುರಾಳಿಗೆ ವಂದಿಸದೆ ಆಯುಧ ಎತ್ತಿದವಳಲ್ಲ ನಾನು. ಮೈ ತಾನಾಗಿಯೇ ಬಾಗಿಬಿಡುತ್ತದೆ. ಫುಸಾಕೊ ಅಕ್ಕಿ ಬಿಸ್ಕತ್ತು ಕಡಿಯುತ್ತಾ, “ಕಳ್ಳನಿಗೆ ಯಾರಾದ್ರೂ ನಮಸ್ಕಾರ ಮಾಡ್ತಾರೇನೇ ಶಿಗೆನೊ? ಮೊದ್ಲು ಹೊಡಿ. ಬೇಕಿದ್ರೆ ಆಮೇಲೆ ಅವನ ಹೆಣಕ್ಕೆ ಮಾಡು” ಎಂದಳು. ಇನ್ನು ಹೊಡೆಯುವಾಗ ನನ್ನ ಬಾಯಿ ಸುಮ್ಮನಿರುತ್ತದೆಯೇ? ಎಲ್ಲಿ ಹೊಡೆಯುತ್ತೇವೋ ಆ ಜಾಗದ ಹೆಸರು ಕೂಗದಿದ್ದರೆ ಗರಡಿಯಲ್ಲಿ ಅದು ಹೊಡೆತವೇ ಅಲ್ಲ. “ತಲೆ”, “ಮಣಿಕಟ್ಟು”, “ಕಣಕಾಲು” ಎಂದು ಟಿವಿಯ ಮುಂದೆ ಕೂಗಿ ಕೂಗಿ ಗಂಟಲು ಕಟ್ಟಿತು. “ಗಂಡ ಸತ್ತು ಇಷ್ಟು ವರ್ಷ ಆದ್ಮೇಲೆ ಇವಳು ಯಾರ ಜೊತೆ ಜಗಳ ಆಡ್ತಾಳೆ ಅಂತ ಬೀದಿಯವರೆಲ್ಲ ಕೇಳ್ತಿದಾರೆ” ಎಂದು ಫುಸಾಕೊ ಹೇಳಿದಳು. ಕಂಟ್ರೋಲರ್ ಸರಿಯಿಲ್ಲ, ಬಟನ್ನುಗಳು ನನ್ನ ಬೆರಳಿಗೆ ಚಿಕ್ಕವು ಎಂದೆ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದಳು. ಸ್ನೇಹಿತೆಯೆಂದರೆ ಹಾಗಿರಬೇಕು, ಆದರೆ ದಿನಾ ಇರಬಾರದು.

ಮೊದಮೊದಲು ನಾನು ದಡ್ಡಿಯ ಹಾಗೆ ಆಡಿದೆ. ಲೆವೆಲ್ ಏರಿದಾಗಲೆಲ್ಲ ಸಿಕ್ಕ ಅಂಕಗಳನ್ನು ಹುಡುಗಿಯ ತೋಳಿನ ಬಲಕ್ಕೇ ಸುರಿದೆ. ಜೀವದ ಕೆಂಪು ಪಟ್ಟಿಯ ಕೆಳಗೆ ಹಸಿರು ಪಟ್ಟಿಯೊಂದು ಇದೆಯಲ್ಲ, ಅದೇನೆಂದು ನೋಡಲೇ ಇಲ್ಲ. ಅದು ಉಸಿರು. ಒಂದೊಂದು ಬೀಸಿಗೂ ಉಸಿರು ಖರ್ಚಾಗುತ್ತದೆ. ಖಾಲಿಯಾದರೆ ಹುಡುಗಿ ಏದುಸಿರು ಬಿಡುತ್ತಾ ನಿಂತುಬಿಡುತ್ತಾಳೆ, ದಾರಿಯಲ್ಲಿ ಹೋಗುವ ನರಿಯೂ ಅವಳನ್ನು ಕೊಲ್ಲಬಹುದು. ಹೊಡೆದು ಹಿಂದೆ ಸರಿಯಬೇಕು, ಉಸಿರು ತುಂಬಲು ಬಿಡಬೇಕು, ಮತ್ತೆ ಹೋಗಬೇಕು. ಇದು ತಿಳಿದ ದಿನ ನನಗೆ ನಗು ಬಂತು. “ಉಸಿರು ಮುಗಿದ ಮೇಲೆ ಬೀಸಿದ್ದು ಹೊಡೆತವಲ್ಲ, ಹುಲ್ಲು ಕೊಯ್ಲು” ಎಂದು ಈ ನೆಲದ ಮೇಲೆ ನಿನಗೆ ದಿನಾ ಹೇಳುತ್ತಿದ್ದವಳು ನಾನು. ಗುರುವಿಗೇ ತಿರುಮಂತ್ರ ಹಾಕಿದ್ದೀಯ.

ತಡೆಯುವುದು ಇನ್ನೂ ಕಷ್ಟವಾಯಿತು. ಏಟು ಬಂದು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿದರೆ ಎದುರಾಳಿಯ ಅಲಗು ಪಕ್ಕಕ್ಕೆ ಜಾರುತ್ತದೆ, ಅವನು ತೆರೆದುಕೊಳ್ಳುತ್ತಾನೆ. ಬೇಗ ಒತ್ತಿದರೂ ಸಾವು, ತಡವಾದರೂ ಸಾವು. ಫುಸಾಕೊ ಹೇಳಿದ ಹಾಗೆ ಅಲಗನ್ನೇ ನೋಡುತ್ತಾ ಕೂತೆ, ಸತ್ತೆ. ಆಮೇಲೆ ಅವಳ ಮಾತು ಬಿಟ್ಟು ನನ್ನ ಮಾತು ಕೇಳಿದೆ: ಅಲಗು ಸುಳ್ಳು ಹೇಳುತ್ತದೆ, ಭುಜ ಹೇಳುವುದಿಲ್ಲ. ನೋಡಿದರೆ, ನಿನ್ನ ಆಟದಲ್ಲಿ ಕಳ್ಳನಿಂದ ಹಿಡಿದು ಸೇನಾಪತಿಯವರೆಗೆ ಎಲ್ಲರಿಗೂ ಮೊದಲು ಭುಜ ಮಿಸುಕುತ್ತದೆ, ಆಮೇಲೆ ಅಲಗು ಬರುತ್ತದೆ. ಇದನ್ನು ಬಟನ್ ಒತ್ತುವವರು ಹೆಣೆದಿಲ್ಲ, ಕೋಲು ಹಿಡಿದು ನಿಂತವಳು ಹೆಣೆದಿದ್ದಾಳೆ ಎಂದು ನನಗೆ ಆಗ ಅರ್ಥವಾಯಿತು. ಹಾಡ್ತಾ ಹಾಡ್ತಾ ರಾಗ ಅಂದ ಹಾಗೆ ಕೈ ಪಳಗಿತು. ಮೊದಲ ಬಾಗಿಲು ದಾಟಿದೆ. ಎಲೆ ಕೆಂಪಾಗುವ ಹೊತ್ತಿಗೆ ಎರಡನೆಯದನ್ನೂ ದಾಟಿದೆ. ಬೆವರು ಬರುತ್ತದೆ, ಒಪ್ಪಿದೆ.

ಮೂರನೇ ಬಾಗಿಲಿಗೆ ಬಂದ ದಿನ ಫುಸಾಕೊ ಕಪ್ಪು ಸೋಯಾ ಕಾಯಿ ಬೇಯಿಸಿ ತಂದಿದ್ದಳು. ಟಿವಿಯಲ್ಲಿ ಹಿಮ ಬಿದ್ದ ಅಂಗಳ, ಒಬ್ಬಳು ಮುದುಕಿ ಗುಡಿಸುತ್ತಿದ್ದಾಳೆ. ಈಗಲೂ ನನ್ನ ಮೈ ಬಾಗಿಬಿಟ್ಟಿತು. ಕಂಟ್ರೋಲರ್ ತೊಡೆಯ ಮೇಲೆ, ತಲೆ ಕೆಳಗೆ. ಸತ್ತೆ ಎಂದುಕೊಂಡು ತಲೆ ಎತ್ತಿದರೆ ಸತ್ತಿರಲಿಲ್ಲ. ಮುದುಕಿ ಪೊರಕೆಯನ್ನು ಗೋಡೆಗೆ ಒರಗಿಸಿ, ನನ್ನ ಕಡೆ ತಿರುಗಿ, ನಡು ಬಾಗಿಸಿ ವಂದಿಸುತ್ತಿದ್ದಳು. ಇಡೀ ಆಟದಲ್ಲಿ ನನಗೆ ಮರುವಂದನೆ ಮಾಡಿದ ಒಂದೇ ಜೀವ. ಫುಸಾಕೊ ಅಗಿಯುವುದನ್ನು ನಿಲ್ಲಿಸಿ, “ಇವಳು ಯಾರೇ? ನಿನ್ನ ಹಾಗೇ ಗದ್ದ ಎತ್ತುತ್ತಾಳಲ್ಲ” ಎಂದಳು. ನಾನು ಉತ್ತರ ಕೊಡುವ ಮೊದಲೇ ಮುದುಕಿ ನನ್ನ ತಲೆಗೆ ಹೊಡೆದಳು.

ಆಮೇಲೆ ವಾರಗಟ್ಟಲೆ ಹೊಡೆದಳು. ಶುರುವಿಗೆ ಮುನ್ನ ಅವಳು ಎಡ ತೋಳನ್ನು ಒಮ್ಮೆ ಕೊಡವುತ್ತಾಳೆ, ಅದು ನನ್ನ ರೂಢಿ. ಹೆಜ್ಜೆ ಇಡದೆ ನೆಲಕ್ಕೆ ಪಾದ ಉಜ್ಜುತ್ತಾ ಬರುವುದು ನನ್ನದು. ಮಣಿಕಟ್ಟಿಗೆ ಬಂದಂತೆ ಮಾಡಿ ತಲೆಗೆ ಇಳಿಸುವ ಆ ಪಟ್ಟು ನನ್ನದೇ, ನಿನ್ನಜ್ಜಿಯಿಂದ ಬಂದದ್ದು. ನನಗೆ ಕೋಪ ಬರಲಿಲ್ಲ, ಜಂಬ ಬಂತು. ಈ ಜಿಲ್ಲೆಯಲ್ಲಿ ನನ್ನನ್ನು ಸೋಲಿಸಿದವರು ಇರಲಿಲ್ಲ. ಈಗ ನನ್ನನ್ನು ಸೋಲಿಸಲು ನನ್ನ ಕೈಯಲ್ಲೂ ಆಗುತ್ತಿಲ್ಲ ಎಂದು ಫುಸಾಕೊಗೆ ಹೇಳಿಕೊಂಡೆ. ಅವಳು, “ಹಾಗಾದ್ರೆ ಮಗಳು ಬರಲ್ಲ, ಬಿಡು” ಎಂದಳು. ಆ ಮಾತು ಚುಚ್ಚಿತು. ನೀನು ಬರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದು ಆಗ ತಿಳಿಯಿತು. ಅದಕ್ಕೇ ಹೊಡೆಯುವುದನ್ನು ಬಿಟ್ಟು, ಸುಮ್ಮನೆ ತಡೆಯುತ್ತಾ, ತಪ್ಪಿಸಿಕೊಳ್ಳುತ್ತಾ, ಆ ಮುದುಕಿಯನ್ನು ನೋಡತೊಡಗಿದೆ.

ಆಗ ಅವಳ ಎಡಗಾಲು ಕಂಡಿತು. ತಲೆಗೆ ಹೊಡೆದ ಮೇಲೆ ಕೋಲಿನ ಮೇಲೆ ಕೈ ಬದಲಿಸುತ್ತೇವಲ್ಲ, ಆಗ ಎಡಗಾಲು ಹಿಂದೆ ಬರಬೇಕು. ಮುದುಕಿಯ ಕಾಲು ಒಂದು ಉಸಿರಿನಷ್ಟು ತಡವಾಗಿ ಬಂತು. ಮತ್ತೆ ನೋಡಿದೆ. ಮತ್ತೆ ತಡ. ಅಷ್ಟು ಹೊತ್ತು ಮೊಣಕಾಲಿನ ಕೆಳಗೆ ಇಡೀ ಕಣಕಾಲು ತೆರೆದಿತ್ತು. ನಾನು ಟಿವಿ ಆರಿಸಿದೆ, ನನಗೆ ತಲೆನೋವು ಎಂದು ಹೇಳಿ ಫುಸಾಕೊಳನ್ನು ಮನೆಗೆ ಕಳಿಸಿದೆ.

ನೀನು ಹೈಸ್ಕೂಲಿನಲ್ಲಿದ್ದಾಗ ನಾನು ನಮ್ಮೂರ ಕೋಟೆಯ ಮೆಟ್ಟಿಲ ಮೇಲೆ ಹಿಮಕ್ಕೆ ಜಾರಿ ಬಿದ್ದು ಎಡ ಮೊಣಕಾಲು ತಿರುಚಿಕೊಂಡಿದ್ದೆ. ಡಾಕ್ಟರಿಗೆ ತೋರಿಸಲಿಲ್ಲ, ಫುಸಾಕೊಗೂ ಹೇಳಲಿಲ್ಲ. ಗರಡಿಯ ಅಗಲವಾದ ಕಪ್ಪು ಲಂಗದೊಳಗೆ ಅದನ್ನು ಮುಚ್ಚಿಟ್ಟುಕೊಂಡೆ. ಎದುರು ನಿಂತ ಯಾರ ಕಣ್ಣಿಗೂ ಅದು ಬಿದ್ದಿಲ್ಲವೆಂಬುದು ಇಷ್ಟು ವರ್ಷ ನನ್ನ ಹೆಮ್ಮೆ.

ನೀನು ಊರು ಬಿಟ್ಟ ವರ್ಷದ ಹೊಸವರ್ಷದ ಮೊದಲ ಅಭ್ಯಾಸ ನೆನಪಿದೆಯೇ? ಎಲ್ಲರೂ ಗೋಡೆಗುಂಟ ಕೂತಿದ್ದರು. ನಾನು ನಿನ್ನ ತಲೆಗೆ ಬೀಸಿ ಕೈ ಬದಲಿಸುವಾಗ ನಿನ್ನ ಅಲಗು ನನ್ನ ಕಣಕಾಲಿನ ಕಡೆ ಇಳಿದು, ಗಾಳಿಯಲ್ಲೇ ನಿಂತುಬಿಟ್ಟಿತು. ನಾನು ಮತ್ತೆ ನಿನ್ನ ತಲೆಗೆ ಹೊಡೆದೆ. ಎಲ್ಲರ ಮುಂದೆಯೇ, “ಸಂದು ಸಿಕ್ಕಾಗ ಹೊಡೆಯದವಳಿಗೆ ಕಣ್ಣಿಲ್ಲ” ಎಂದೆ. ನೀನು ಮುಖವಾಡ ಬಿಚ್ಚಿ, ನೆಲಕ್ಕೆ ಹಣೆ ಮುಟ್ಟಿಸಿ, “ಕಲಿಸಿದ್ದಕ್ಕೆ ವಂದನೆ” ಎಂದೆ. ವಸಂತದಲ್ಲಿ ಒಸಾಕಾಗೆ ಹೋದೆ. ಇವಳಿಗೆ ಕಣ್ಣಿಲ್ಲ, ಅದಕ್ಕೇ ಗರಡಿ ಬಿಟ್ಟಳು ಎಂದು ನಾನು ನಂಬಿಕೊಂಡೆ.

ನಿನಗೆ ಕಂಡಿತ್ತು. ಬೇರೆ ಯಾರಿಗೂ ಕಾಣದ್ದು ನಿನಗೊಬ್ಬಳಿಗೇ ಕಂಡಿತ್ತು, ಕಂಡೂ ಹೊಡೆಯಲಿಲ್ಲ.

ಮೊದಲು ಕೋಪ ಬಂತೆಂದು ಹೇಳಿಬಿಡುತ್ತೇನೆ. ಅಮ್ಮನ ಮೇಲೆ ಕರುಣೆಯೇ? ಅಡುಗೆಮನೆಯಲ್ಲಿ ತೋರಿಸು, ಗರಡಿಯಲ್ಲಿ ಬೇಡ. ಆಮೇಲೆ ಕೋಪ ಇಳಿಯಿತು. ಇಳಿದ ಮೇಲೆ ಉಳಿದದ್ದು ಸಂತೋಷ, ಮಿನೋರಿ. ಅಷ್ಟು ಸಂತೋಷ ನನಗೆ ಪದಕ ಬಂದಾಗಲೂ ಆಗಿರಲಿಲ್ಲ. ನನ್ನ ಮಗಳಿಗೆ ಕಣ್ಣಿದೆ, ನನಗಿಂತ ಒಳ್ಳೆಯ ಕಣ್ಣು. ಮರುದಿನ ನಾನು ಅತ್ತುಬಿಟ್ಟೆ ಎಂದು ಫುಸಾಕೊ ಹೇಳಿದರೆ ನಂಬಬೇಡ. ಅವಳು ತಂದ ಕಾಯಿಗೆ ಉಪ್ಪು ಜಾಸ್ತಿಯಾಗಿತ್ತು.

ನಿನ್ನೆ ಆಡಿದೆ. ವಂದಿಸಿದೆ, ಅವಳೂ ವಂದಿಸಿದಳು. ಮಣಿಕಟ್ಟಿಗೆ ಬಂದಂತೆ ಮಾಡಿ ತಲೆಗೆ ಇಳಿಸಿದಳು, ಭುಜ ನೋಡಿ ತಡೆದೆ. ಕೈ ಬದಲಿಸಿದಳು. ಕಾಲು ತಡವಾಯಿತು. “ಕಣಕಾಲು” ಎಂದು ಕೂಗಿ ಹೊಡೆದೆ. ಹಾಗೆಯೇ ಮತ್ತೆ ಮತ್ತೆ, ಉಸಿರು ನೋಡಿಕೊಂಡು, ಅವಸರ ಮಾಡದೆ. ಕೊನೆಗೆ ಮುದುಕಿ ಬಿದ್ದಳು. ಫುಸಾಕೊ ಚಪ್ಪಾಳೆ ತಟ್ಟಿ ಚಹಾ ಬಗ್ಗಿಸಲು ಹೊರಟಳು. ನಾನು ಬೆರಳು ಸಡಿಲಿಸಲಿಲ್ಲ. ಬಿದ್ದವಳ ಮೇಲಿಂದ ಕಣ್ಣು ತೆಗೆಯಬಾರದೆಂದು ಕಲಿಸುವವಳಿಗೆ ಮೋಸ ಮಾಡುತ್ತೀಯಾ? ಎಣಿಸಿದಂತೆಯೇ ಅವಳು ಎದ್ದಳು, ಎರಡನೇ ಜೀವ, ಮೊದಲಿಗಿಂತ ಚುರುಕು. ಆದರೆ ಕಾಲು ಅದೇ ಕಾಲು. ಕಡೆಯ ಹೊಡೆತ ಬಿದ್ದಾಗ ಮುದುಕಿ ಹಿಮದ ಮೇಲೆ ಕೂತು, ಆಯುಧ ಕೆಳಗಿಟ್ಟು, ಹಣೆ ನೆಲಕ್ಕೆ ಮುಟ್ಟಿಸಿ, “ಕಲಿಸಿದ್ದಕ್ಕೆ ವಂದನೆ” ಎಂದಳು. ಆ ಮಾತನ್ನು ನಾನು ಶಿಷ್ಯರ ಬಾಯಲ್ಲಿ ಕೇಳಿದ್ದೇನೆ, ಗರಡಿ ನನ್ನ ಕೈಗೆ ಬಂದ ಮೇಲೆ ನಾನಾಗಿ ಆಡಿದ್ದಿಲ್ಲ. ಅದನ್ನು ನೀನು ಬೇಕೆಂದೇ ಅವಳ ಬಾಯಿಗೆ ಹಾಕಿದ್ದೀಯ, ಕಳ್ಳಿ.

ಈಗ ಪಣದ ಮಾತು. ಗೆದ್ದವಳು ನಾನಾದ್ದರಿಂದ ಷರತ್ತು ಬದಲಿಸುವ ಅಧಿಕಾರವೂ ನನ್ನದೇ. ವಸಂತಕ್ಕೆ ಬರಬೇಡ. ಅದಕ್ಕೂ ಮೊದಲು, ಹೊಸವರ್ಷದ ಮೊದಲ ಅಭ್ಯಾಸಕ್ಕೆ ಬಾ. ದೇವರ ಮುಂದಿನ ಅಕ್ಕಿಯುಂಡೆ ಒಡೆದು ಕೆಂಪು ಕಾಳಿನ ಪಾಯಸಕ್ಕೆ ಹಾಕುವ ದಿನ. ಕವಚ ಕಟ್ಟಿ, ಎಲ್ಲರ ಮುಂದೆ ನನ್ನೆದುರು ನಿಲ್ಲು. ನನ್ನ ಕಣಕಾಲಿಗೆ ಹೊಡೆದೆಯೋ, ನಿನಗೆ ಕಲಿಸಲು ನನ್ನಲ್ಲಿ ಏನೂ ಉಳಿದಿಲ್ಲ. ಒಸಾಕಾದ ಗರಡಿಯೇ ನಿನ್ನ ಗರಡಿ, ಇನ್ನೆಂದೂ ನಿನ್ನನ್ನು ಕರೆಯುವುದಿಲ್ಲ. ಅಲಗನ್ನು ಗಾಳಿಯಲ್ಲಿ ನಿಲ್ಲಿಸಿದೆಯೋ, ಕಲಿಕೆ ಮುಗಿದಿಲ್ಲವೆಂದು ಅರ್ಥ. ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರಬೇಕು. ನಾನೇನೂ ಕಾಲು ಚಾಚಿಕೊಂಡು ನಿಂತಿರುವುದಿಲ್ಲ. ಡಾಕ್ಟರಿಗೆ ತೋರಿಸಿದ್ದೇನೆ, ಮೊಣಕಾಲಿಗೆ ಪಟ್ಟಿ ಕಟ್ಟಿದ್ದೇನೆ, ಬೆಳಗ್ಗೆ ಕೋಟೆಯ ಕಂದಕದ ಸುತ್ತ ನಡೆಯುತ್ತಿದ್ದೇನೆ. ಗರಡಿಯ ಚಿಂತೆ ನಿನಗೆ ಬೇಡ. ಈ ಮುದುಕಿಗೆ ಎರಡನೇ ಜೀವ ಇದೆಯೆಂದು ಬರೆದವಳು ನೀನೇ.

ನೀನು ಬರಬೇಕೆಂಬ ಆಸೆ ಈಗಲೂ ಇದೆ, ಬಚ್ಚಿಡುವುದಿಲ್ಲ. ಆದರೂ ನೀನು ಹೊಡೆಯಬೇಕೆಂಬ ಆಸೆ ಅದಕ್ಕಿಂತ ದೊಡ್ಡದು.

ಪಾಯಸ ಬಿಸಿಯಾಗಿರುತ್ತದೆ, ಹೊಟ್ಟೆ ಖಾಲಿ ಇಟ್ಟುಕೊಂಡು ಬಾ. ನಿನ್ನ ಕಣ್ಣು ಹೀಗೆಯೇ ಚುರುಕಾಗಿರಲಿ, ನಿನ್ನ ಕೈ ಎಲ್ಲಿಯೂ ತಡೆಯದಿರಲಿ, ನನ್ನ ಎದುರಿಗೂ.

ಕಲಿಸಿದ್ದಕ್ಕೆ ವಂದನೆ.

ನಿನ್ನ ಅಮ್ಮ,
ಶಿಗೆನೊ