ಅಡುಗೆ ಗಾಡಿಯ ರೇಡಿಯೋ ಬಿಚ್ಚಿಕೊಂಡು ಹೋದ ಅಧಿಕಾರಿಗಳಿಗೆ

ಹೆದ್ದಾರಿ ತಪಾಸಣೆಯ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನಮ್ಮ ಗಾಡಿಯಿಂದ ತಾವು ಬಿಚ್ಚಿಕೊಂಡು ಹೋದ ಪುಟ್ಟ ರೇಡಿಯೋ ಸೆಟ್ಟು ಇನ್ನೂ ತಮ್ಮ ಬಳಿಯೇ ಇದೆ. ಅದನ್ನು ಕೇಳಲು ತಮ್ಮ ಕಚೇರಿಗೆ ಬಂದಾಗಲೆಲ್ಲ ‘ಸಾಹೇಬರು ರೌಂಡ್ಸಿಗೆ ಹೋಗಿದಾರೆ’ ಎಂಬ ಉತ್ತರ ಸಿಕ್ಕಿದೆ. ತಾವು ಎಲ್ಲಿ ರೌಂಡ್ಸಿನಲ್ಲಿದ್ದರೂ ಪತ್ರಿಕೆಯಂತೂ ಕೈಗೆ ಸಿಗುತ್ತದೆಂದು ನಂಬಿ ಹೀಗೆ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಜಗಳಕ್ಕೆ ಬಂದವಳಲ್ಲ. ಒಂದು ಮದುವೆಯ ಊಟ ತಮ್ಮ ಕರ್ತವ್ಯನಿಷ್ಠೆಯಿಂದಾಗಿ ಹೇಗೆ ವಿಮಾನ ನಿಲ್ದಾಣದ ಬಾಗಿಲು ಮುಟ್ಟಿ ಬಂತೆಂಬುದು ತಮಗೂ ತಿಳಿದಿರಲಿ ಎಂದಷ್ಟೇ ಆಸೆ.

ನಾನು ಬೆಂಗಳೂರು ಗ್ರಾಮಾಂತರದ ಮಧುರೆಯ ಅಕ್ಷತ. ನಮ್ಮ ಅತ್ತೆ ಅಕ್ಕಯಮ್ಮ ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ಅಡುಗೆ ಒಪ್ಪಿಕೊಳ್ಳುವವರು. ಒಲೆಯ ಕಡೆಯದೆಲ್ಲ ಅವರದು. ಮಾತು, ಫೋನು, ದಾರಿ ನನ್ನದು. ನಮಗಿರುವುದು ಎರಡು ಗಾಡಿ. ಒಂದು ಓಮ್ನಿ. ಅದರಲ್ಲಿ ಅತ್ತೆ, ತರಕಾರಿ, ಮಸಾಲೆ ಡಬ್ಬಗಳು, ಓಡಿಸುವವಳು ನಾನು. ಇನ್ನೊಂದು ಸಣ್ಣ ಟೆಂಪೋ. ಅದರಲ್ಲಿ ಕೊಳಗ, ಬಾಣಲೆ, ಗ್ಯಾಸ್ ಒಲೆ. ಅದನ್ನು ಓಡಿಸುವವನು ಕೆಂಪರಾಜ್. ಪಕ್ಕದಲ್ಲಿ ಕೂರುವವಳು ಅತ್ತೆಯ ಬಲಗೈ ಎನ್ನಬಹುದಾದ ಸೊಣ್ಣಮ್ಮ. ಎರಡು ಗಾಡಿಯೂ ಒಂದೇ ಹೊತ್ತಿಗೆ ಮುಟ್ಟಬೇಕು. ತರಕಾರಿ ಬಂದು ಪಾತ್ರೆ ಬರದಿದ್ದರೆ ಹುಳಿ ಕುದಿಯುವುದಿಲ್ಲ. ಪಾತ್ರೆ ಬಂದು ಅತ್ತೆ ಬರದಿದ್ದರೆ ಒಲೆ ಹಚ್ಚುವುದಕ್ಕೇ ಯಾರಿಗೂ ಧೈರ್ಯವಿಲ್ಲ.

ವಿಮಾನ ನಿಲ್ದಾಣ ಬಂದಮೇಲೆ ನಮ್ಮ ಸೀಮೆಯ ದಾರಿಗಳಿಗೆ ಏನಾಗಿದೆ ಎಂದು ತಮಗೆ ವಿವರಿಸಬೇಕೆ? ಹೋದ ವಾರ ಬಲಕ್ಕೆ ತಿರುಗಿದ ಕಡೆ ಈ ವಾರ ಗೋಡೆ ಇರುತ್ತದೆ. ನೇರ ಹೋಗುತ್ತಿದ್ದ ರಸ್ತೆ ಆಕಾಶಕ್ಕೆ ಏರಿರುತ್ತದೆ. ಹುಟ್ಟಿದಾಗಿನಿಂದ ಇಲ್ಲೇ ಓಡಾಡಿದವರೂ ದೇವನಹಳ್ಳಿ ಹತ್ತಿರ ಗಾಡಿ ನಿಲ್ಲಿಸಿ ದೇವನಹಳ್ಳಿ ಎಲ್ಲಿ ಎಂದು ಕೇಳುತ್ತಾರೆ. ನಮ್ಮ ಗಾಡಿಗಳು ಒಂದನ್ನೊಂದು ತಪ್ಪಿಸಿಕೊಳ್ಳುವುದು ಮಾಮೂಲಿಯಾಯಿತು. ಫೋನು ಮಾಡಬಹುದಿತ್ತಲ್ಲ ಎನ್ನುವಿರಿ. ಮಾಡುತ್ತಿದ್ದೆವು. ಒಂದು ದಿನ ಕೆಂಪರಾಜ್ ಓಡಿಸುತ್ತಲೇ ಫೋನು ಕಿವಿಗಿಟ್ಟು ತಮ್ಮ ಸಿಬ್ಬಂದಿಗೆ ಸಿಕ್ಕಿಬಿದ್ದ. ದಂಡ ಹಾಕಿದ್ದು ಸರಿಯಾಗಿಯೇ ಇತ್ತು, ಅದರ ಬಗ್ಗೆ ತಕರಾರಿಲ್ಲ. ಅಂದಿನಿಂದ ಅವನು ಸ್ಟಿಯರಿಂಗ್ ಹಿಡಿಯುವ ಮುಂಚೆ ಫೋನನ್ನು ಆರಿಸಿ ಸೌಟುಗಳ ಪೆಟ್ಟಿಗೆಗೆ ಹಾಕಿಬಿಡುತ್ತಾನೆ. ಸೊಣ್ಣಮ್ಮನ ಬಳಿ ಫೋನಿಲ್ಲ; ಬೇಡವೆಂದೇ ಇಟ್ಟುಕೊಂಡಿಲ್ಲ.

ಹೀಗಾಗಿ ನಾವು ಸಿ.ಬಿ. ರೇಡಿಯೋ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು. ಸಿ.ಬಿ. ಎಂದರೆ ಸಾಮಾನ್ಯ ಜನ ಕಡಿಮೆ ದೂರಕ್ಕೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೆಂದು ಸರ್ಕಾರವೇ ಬಿಟ್ಟುಕೊಟ್ಟಿರುವ ರೇಡಿಯೋ ತರಂಗಾಂತರ. ಶಕ್ತಿ ಐದು ವ್ಯಾಟು ಮೀರದಿದ್ದರೆ ಲೈಸೆನ್ಸು ಬೇಡ. ಅಂಗಡಿಯವರು ಮೊದಲು ತೋರಿಸಿದ್ದು ಕೈಯಲ್ಲಿ ಹಿಡಿಯುವ ವಾಕಿಟಾಕಿ. ಚೆಂದವಾಗಿತ್ತು, ಅಗ್ಗವಾಗಿಯೂ ಇತ್ತು.

“ಇದಕ್ಕೆ ಲೈಸೆನ್ಸ್ ಬೇಕಲ್ವಾ?” ಎಂದೆ.

“ಯಾರ್ ಕೇಳ್ತಾರೆ ಮೇಡಂ” ಎಂದರು.

ಯಾರಾದರೂ ಕೇಳಿಯೇ ಕೇಳುತ್ತಾರೆ ಎಂದು ಅದನ್ನು ಕೆಳಗಿಟ್ಟೆ. ಮಾನ್ಯರೇ, ಈ ಸಾಲನ್ನು ದಯವಿಟ್ಟು ಇನ್ನೊಮ್ಮೆ ಓದಿ. ಕಾನೂನು ಮೀರಬಾರದೆಂದು ಅಗ್ಗದ ಮಾಲು ಬಿಟ್ಟವಳು ನಾನು.

ಎರಡನೆಯದು ಕಾನೂನಿಗೆ ಒಪ್ಪುವಂಥದೇ, ಆದರೆ ಹಳೆಯ ಟೇಪ್‌ರೆಕಾರ್ಡರಿನಷ್ಟು ದೊಡ್ಡದು. “ಇದನ್ನ ಮುಂದ್ಗಡೆ ಕೂರ್ಸುದ್ರೆ ನನ್ ಮೊಣಕಾಲು ಎಲ್ಲಿಡ್ಲವ್ವ” ಎಂದರು ಅತ್ತೆ. ಮೂರನೆಯದು ಎಲ್ಲಕ್ಕಿಂತ ಅಗ್ಗ, ಆದರೆ ಯಾರೂ ಮಾತಾಡದಿದ್ದಾಗ ಬರುವ ಕರಕರ ಸದ್ದನ್ನು ಅಡಗಿಸುವ ಗುಂಡಿಯೇ ಅದರಲ್ಲಿ ಇರಲಿಲ್ಲ. ಅತ್ತೆ ಒಂದು ನಿಮಿಷ ಕೇಳಿ, “ಬಂದ್ ಮಾಡಪ್ಪ, ಒಗ್ಗರಣೆ ಸೀದೋಗ್ತಿದೆ ಅನ್ಸುತ್ತೆ” ಎಂದರು. ಕೊನೆಗೆ ಸಿಕ್ಕಿದ್ದು ಊಟದ ಡಬ್ಬಿಯ ಮುಚ್ಚಳದಷ್ಟಗಲದ ಸೆಟ್ಟು. ಗುಂಡಿಗಳೆಲ್ಲ ಮೈಕಿನ ಮೇಲೆಯೇ. ಗಾಡಿಯ ಬ್ಯಾಟರಿಯಿಂದಲೇ ಓಡುತ್ತದೆ. ಸದ್ದು ಅಡಗಿಸುವ ಗುಂಡಿಯೂ ಇತ್ತು, ಬೆಲೆಯೂ ನಮ್ಮ ಅಳವಿನಲ್ಲಿತ್ತು. ಎರಡು ತಂದೆವು. ಏರಿಯಲ್ ಉದ್ದವಿದ್ದಷ್ಟೂ ದೂರ ಕೇಳುತ್ತದಂತೆ, ಆದರೆ ರೈಲ್ವೆ ಕೆಳಸೇತುವೆಯಲ್ಲಿ ಉದ್ದದ್ದು ಮುರಿದುಹೋಗುತ್ತದೆ. ಆದ್ದರಿಂದ ತಳದಲ್ಲಿ ಅಯಸ್ಕಾಂತ ಇರುವ ಗಿಡ್ಡ ಏರಿಯಲ್ ಆರಿಸಿದೆವು. ನನ್ನದನ್ನು ಓಮ್ನಿಯ ತಲೆಯ ಮೇಲೆ ಕೂರಿಸಿದೆ. ಕೆಂಪರಾಜ್ ತನ್ನದನ್ನು ಟೆಂಪೋ ಮೇಲೆ ಬೋರಲು ಕಟ್ಟಿದ್ದ ಕಬ್ಬಿಣದ ದೊಡ್ಡ ಬಾಣಲೆಗೆ ಅಂಟಿಸಿದ. ಅದೇನು ಮಾಯೆಯೋ, ನನ್ನದಕ್ಕಿಂತ ಅವನದೇ ಸ್ಪಷ್ಟವಾಗಿ ಕೇಳುತ್ತಿತ್ತು. ತೂಬಗೆರೆ ಕಡೆ ಗುಡ್ಡ ಅಡ್ಡ ಬಂದರೆ ಎರಡೂ ಮೂಕ. ಬಯಲಿನಲ್ಲಿ ಮುಂದಿನ ಗಾಡಿ ಹಿಂದಿನ ಗಾಡಿಗೆ ದಾರಿ ಹೇಳುವಷ್ಟು ಧಾರಾಳವಾಗಿ ಸಾಕು.

ಆ ಸೆಟ್ಟು ಇದ್ದ ತಿಂಗಳುಗಳು ನಮ್ಮ ಮನೆಯಲ್ಲಿ ಹಬ್ಬದಂತಿದ್ದವು. ಟೆಂಪೋದಲ್ಲಿ ಮೈಕು ಸೊಣ್ಣಮ್ಮನ ಕೈಯಲ್ಲಿ, ಓಮ್ನಿಯಲ್ಲಿ ಅತ್ತೆಯ ಕೈಯಲ್ಲಿ. ಓಡಿಸುವವರು ರಸ್ತೆ ನೋಡಿಕೊಂಡರೆ ಸಾಕು. ಮಾತು ಮುಗಿದಾಗ ಓವರ್ ಅನ್ನಬೇಕೆಂದು ಕೆಂಪರಾಜ್ ಹೇಳಿಕೊಟ್ಟ. ಅತ್ತೆಗೆ ಅದು ಒಗ್ಗಲಿಲ್ಲ. “ಹೂಂ, ಈಗ ನೀನ್ ಹೇಳವ್ವ ಸೊಣ್ಣಿ” ಎಂದೇ ಗುಂಡಿ ಬಿಡುತ್ತಿದ್ದರು. ದಾರಿಯುದ್ದಕ್ಕೂ ಹುರಳಿಕಾಯಿ ಹೆಚ್ಚುವುದು ಯಾರು, ಕಾಯಿ ತುರಿಯುವುದು ಯಾರು ಎಂದು ತೀರ್ಮಾನವಾಗುತ್ತಿತ್ತು. ಗಾಡಿ ಇಳಿದ ಕೂಡಲೇ ಕೆಲಸ ಶುರು.

ಹೀಗಿರುವಾಗ ಬಂದದ್ದು ಚೈತ್ರಳ ಮದುವೆ. ಸೂಲಿಬೆಲೆ ಕಡೆಯ ಒಂದು ಊರು. ಹುಡುಗಿಯ ತಂದೆ ವೆಂಕಟರಾಮಪ್ಪನವರು ಎಲ್ಲೋ ಅತ್ತೆಯ ಕೈಯಡುಗೆ ಉಂಡು, ಮಗಳ ಮದುವೆಗೆ ಇವರೇ ಆಗಬೇಕೆಂದು ಹುಡುಕಿಕೊಂಡು ಬಂದಿದ್ದರು. ಅಷ್ಟು ದೊಡ್ಡ ಮದುವೆ ನಾವು ಹಿಂದೆ ಒಪ್ಪಿಕೊಂಡಿರಲಿಲ್ಲ. ಬೆಳಗಿನ ತಿಂಡಿ ಅವರ ಮನೆಯವರದೇ. ಧಾರೆಯ ಊಟ ನಮ್ಮದು.

ಆ ಬೆಳಿಗ್ಗೆ ಹೆದ್ದಾರಿಯ ಕಾಮಗಾರಿಯಿಂದಾಗಿ ಎಲ್ಲರನ್ನೂ ಹೊಸ ಬದಲಿ ದಾರಿಗೆ ತಿರುಗಿಸುತ್ತಿದ್ದರು. ಟೆಂಪೋ ಮುಂದೆ ಹೋಯಿತು. ನನ್ನ ಓಮ್ನಿಗೆ ತಮ್ಮ ಸಿಬ್ಬಂದಿ ಕೈ ಅಡ್ಡ ಹಿಡಿದರು. ಜೀಪಿನಿಂದ ಇಳಿದು ಬಂದವರು ಸ್ವತಃ ತಾವೇ.

“ಏನಮ್ಮ ಇದು, ವೈರ್‌ಲೆಸ್ಸು?” ಎಂದಿರಿ.

“ಸಿ.ಬಿ. ರೇಡಿಯೋ ಸಾರ್. ಲೈಸೆನ್ಸ್ ಬೇಕಿಲ್ದಿರೋದು.”

“ಏರ್‌ಪೋರ್ಟ್ ಪಕ್ದಲ್ಲಿ ಇಟ್ಕೊಂಡು ಓಡಾಡ್ತಿದೀರ. ವಿಮಾನದೋರು ಮಾತಾಡೋದ್ನ ಕೇಳ್ತೀರೇನು?”

ಅತ್ತೆ ನಡುವೆ ಬಾಯಿ ಹಾಕಿದರು. “ನಮ್ ಸೊಣ್ಣಿ ಮಾತಾಡೋದೇ ಸರಿಯಾಗ್ ಕೇಳ್ಸಲ್ಲ ಸ್ವಾಮಿ. ವಿಮಾನದೋರ್ದು ತಗೊಂಡ್ ಏನ್ ಮಾಡಣ, ಅವ್ರೇನ್ ಪಲ್ಯಕ್ಕೆ ಹೆಚ್ಕೊಡ್ತಾರಾ?”

ತಾವು ನಗಲಿಲ್ಲ. ಮೈಕಿನ ಸಮೇತ ಸೆಟ್ಟನ್ನು ಬಿಚ್ಚಿಸತೊಡಗಿದಿರಿ. ಇನ್ನೂ ತಂತಿ ಕೀಳದೆ ಅದು ತಮ್ಮ ಅಂಗೈಯಲ್ಲಿ ಇದ್ದಾಗಲೇ ಸೊಣ್ಣಮ್ಮನ ದನಿ ಬಂತು. “ಅಕ್ಷತಮ್ಮ, ಇಲ್ಲಿ ದಾರಿ ಎರ್ಡಾಗೈತೆ. ಕೆಳಗ್ಲ ಸರ್ವೀಸ್ ರೋಡಿಗ್ ಇಳೀಬೇಕಾ, ಮೇಲಕ್ ಹತ್ಬೇಕಾ? ಕೆಂಪರಾಜ ಕೇಳ್ತಾವ್ನೆ, ಬೇಗ ಹೇಳಿ.”

“ಸಾರ್, ಒಂದೇ ಮಾತು, ಇಳೀರಿ ಅಂತ ಹೇಳ್ಬಿಡ್ತೀನಿ. ಆಮೇಲ್ ತಗೊಂಡ್ಹೋಗಿ” ಎಂದೆ.

“ವಶಕ್ ತಗೊಂಡಿರೋ ವಸ್ತು ಮುಟ್ಟಂಗಿಲ್ಲ” ಎಂದಿರಿ.

“ಹಂಗಾದ್ರೆ ನೀವೇ ಹೇಳಿ ಸ್ವಾಮಿ, ಇಳೀರಿ ಅಂತ” ಎಂದರು ಅತ್ತೆ.

ಸೊಣ್ಣಮ್ಮ ಇನ್ನೊಮ್ಮೆ ಕೇಳಿದಳು. ತಾವು, ನಾನು, ಅತ್ತೆ ಮೂವರೂ ಆ ಪುಟ್ಟ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದೆವು. “ಏನೂ ಅನ್ತಿಲ್ಲ ಕಣಪ್ಪ, ಹತ್ಬಿಡು” ಎಂದು ಅವಳು ಕೆಂಪರಾಜನಿಗೆ ಹೇಳಿದ್ದು ಕೇಳಿಸಿತು. ಆಮೇಲೆ ತಂತಿ ಕಿತ್ತರು. ಕಾನೂನುಬದ್ಧ ಪ್ರಶ್ನೆಯೊಂದಕ್ಕೆ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಲ್ಲುವುದು ಯಾವ ನಿಯಮದಡಿ ಬರುತ್ತದೆ, ಮಾನ್ಯರೇ?

ಹತ್ತಿದ ದಾರಿ ಎಲ್ಲಿಗೆ ಹೋಗುತ್ತದೆಂದು ತಮಗೆ ಗೊತ್ತು. ಮೇಲುಸೇತುವೆ ಒಂದು ಸುತ್ತು ಹಾಕಿ ನಮ್ಮ ಟೆಂಪೋವನ್ನು ವಿಮಾನ ನಿಲ್ದಾಣದ ರಸ್ತೆಗೆ ಬಿಟ್ಟಿತು. ಅಲ್ಲಿ ನಿಲ್ಲುವಂತಿಲ್ಲ, ಹಿಂದೆ ಬರುವಂತಿಲ್ಲ. ಹೂವಿನ ಪಾತಿಗಳ ನಡುವೆ, ಹೊಳೆಯುವ ಕಾರುಗಳ ಸಾಲಿನಲ್ಲಿ, ತಲೆಯ ಮೇಲೆ ಬಾಣಲೆ, ಬಾಣಲೆಯ ಮೇಲೆ ಏರಿಯಲ್ ಹೊತ್ತು ನಮ್ಮ ಟೆಂಪೋ ಹೋಯಿತು. ಕಾವಲಿನವರು ನಿಲ್ಲಿಸಿದ್ದರಲ್ಲಿ ಆಶ್ಚರ್ಯವಿಲ್ಲ, ನಾನಾಗಿದ್ದರೂ ನಿಲ್ಲಿಸುತ್ತಿದ್ದೆ. ಕೊಳಗಗಳನ್ನೆಲ್ಲ ಇಳಿಸಿ ನೋಡಿದರಂತೆ. ನಾಯಿ ಬಂದು ಮೂಸಿ, ತುಪ್ಪದ ಡಬ್ಬದ ಮುಂದೆ ಕೂತುಬಿಟ್ಟಿತಂತೆ. “ಇಷ್ಟೆಲ್ಲಾ ಪಾತ್ರೆ ಯಾವ ಊರಿಗಮ್ಮ?” ಎಂದು ಒಬ್ಬ ಕಾವಲಿನವನು ಕೇಳಿದ್ದಕ್ಕೆ ಸೊಣ್ಣಮ್ಮ, “ಸೂಲಿಬೆಲೆ ಕಡೆಗೆ. ನಿಮ್ ವಿಮಾನ ಅಲ್ಲಿ ನಿಲ್ಸುತ್ತಾ?” ಎಂದಳಂತೆ. ಅವರು ನಕ್ಕು, ರೇಡಿಯೋ ನೋಡಿ, ಯಾರನ್ನೋ ವಿಚಾರಿಸಿ, ಇದಕ್ಕೇನೂ ತೊಂದರೆಯಿಲ್ಲ ಎಂದು ಮರಳಿಸಿ, ಹೊರಗೆ ಹೋಗುವ ದಾರಿಯನ್ನೂ ತೋರಿಸಿದರು. ವಿಮಾನ ನಿಲ್ದಾಣ ಕಾಯುವವರಿಗೆ ಇಲ್ಲದ ಭಯ ತಮಗೇಕೆ ಬಂತೆಂದು ನನಗೆ ಇನ್ನೂ ಅರ್ಥವಾಗಿಲ್ಲ. ಹೊರಗೆ ಬಂದರೂ ವಾಹನಗಳ ಸಾಲಿನಲ್ಲಿ ಟೆಂಪೋ ಸಿಕ್ಕಿಕೊಂಡಿತು.

ಇತ್ತ ನಾವು ಛತ್ರ ಮುಟ್ಟಿದೆವು. ತರಕಾರಿ ಇದೆ, ಬೇಳೆ ಇದೆ, ಅತ್ತೆ ಇದ್ದಾರೆ. ಬೇಯಿಸಲು ಒಂದು ಚೊಂಬೂ ಇಲ್ಲ. ಕೆಂಪರಾಜನ ಫೋನು ಸೌಟುಗಳ ಜೊತೆ ಮಲಗಿತ್ತು. ವೆಂಕಟರಾಮಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. “ಬೀಗರ್ ಮುಂದೆ ನನ್ ಮಾನ ಉಳ್ಸಮ್ಮ” ಎಂದರು, ಮೆಲ್ಲಗೆ. ಅತ್ತೆ ಹೆಚ್ಚಿಟ್ಟ ಹುರಳಿಕಾಯಿಯನ್ನೇ ಮತ್ತೆ ಹೆಚ್ಚತೊಡಗಿದರು.

ಆ ಹೊತ್ತಿಗೆ ಮದುಮಗಳು ಚೈತ್ರ, ಧಾರೆ ಸೀರೆಯಲ್ಲೇ ಒಳಗೆ ಬಂದಳು. ಯಾರೋ ವಿಷಯ ಮುಟ್ಟಿಸಿದ್ದರು. “ಅಜ್ಜಿ, ಮುಹೂರ್ತಕ್ಕೆ ಇನ್ನೂ ಟೈಮಿದೆ. ನಮ್ಮೂರಲ್ಲಿ ಪಾತ್ರೆ ಇಲ್ದಿರೋ ಮನೆ ಯಾವ್ದಿದೆ ಹೇಳಿ” ಎಂದಳು. ನಾವು ಏನನ್ನುವ ಮೊದಲೇ ಓಲಗದವರ ಮೈಕು ತೆಗೆದುಕೊಂಡು, “ನಮ್ಮೂರೋರೆಲ್ಲ ಕೇಳಿ. ಅಡ್ಗೆ ಪಾತ್ರೆ ಗಾಡಿ ದಾರಿ ತಪ್ಪಿದೆ. ನಿಮ್ನಿಮ್ ಮನೇಲಿರೋ ದೊಡ್ ಪಾತ್ರೆ ತಂದ್ಕೊಡಿ. ಹೆಸ್ರು ಗುರ್ತು ಮಾಡ್ಕೊಳ್ಳಿ, ಆಮೇಲ್ ಜಗಳ ಬೇಡ” ಎಂದಳು. ಗಂಡಿನ ಕಡೆಯವರು ಬಾಯಿ ಬಿಟ್ಟು ನೋಡುತ್ತಿದ್ದರು. ಮದುಮಗ ಎದ್ದು ನಿಂತು, “ನಾನೂ ಹೋಗಿ ತರ್ಲಾ?” ಎಂದ. ಅವನನ್ನು ಹಿಡಿದು ಕೂರಿಸಬೇಕಾಯಿತು.

ಪಾತ್ರೆಗಳು ಬಂದವು. ಹಂಡೆ ಬಂತು, ಹಾಲಿನ ಕ್ಯಾನು ಬಂತು, ಒಲೆಗಳೂ ಬಂದವು. ಪಾತ್ರೆಯ ಹಿಂದೆಯೇ ಅದರ ಒಡತಿಯರೂ ಬಂದು, ಬಂದವರು ಸುಮ್ಮನೆ ನಿಲ್ಲದೆ ಈಳಿಗೆ ಹಿಡಿದರು. ಅತ್ತೆ ಪಾತ್ರೆಯಿಂದ ಪಾತ್ರೆಗೆ ಓಡಾಡಿ ಉಪ್ಪು ಹುಳಿ ನೋಡಿದರು. ಆದರೂ ಒಂದೊಂದು ಪಾತ್ರೆಯ ಸಾರಿಗೆ ಒಂದೊಂದು ರುಚಿ ಬಂತು. ಬೀಗರು ‘ಇದು ಯಾರ ಮನೆ ಪಾತ್ರೆದು’ ಎಂದು ಕೇಳಿ ಕೇಳಿ ಬಡಿಸಿಕೊಂಡರು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ನಮ್ಮ ಟೆಂಪೋ ಬಂತು. ಇಳಿದ ಕೆಂಪರಾಜ್ ಎಲೆಗಳನ್ನೂ ಜನರನ್ನೂ ನೋಡಿ, ನೇರ ನೀರು ಬಡಿಸಲು ಹೋದ. ವೆಂಕಟರಾಮಪ್ಪನವರು ಅತ್ತೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಊಟ ಚೆನ್ನಾಯಿತಲ್ಲ, ಮತ್ತೇಕೆ ದೂರು ಎನ್ನಬೇಡಿ. ಆ ಊರಿನವರು ಒಳ್ಳೆಯವರಾದದ್ದು ತಮ್ಮ ಇಲಾಖೆಯ ಸಾಧನೆಯಲ್ಲ.

ಆಮೇಲೆ ತಮ್ಮ ಕಚೇರಿಗೆ ಬಂದೆ. ಮೇಜಿನ ಹಿಂದಿದ್ದವರು ಲೈಸೆನ್ಸ್ ಎಲ್ಲಿ ಎಂದರು. ಬೇಕಿಲ್ಲ ಎಂದೆ. “ಬೇಕಿಲ್ಲ ಅಂತ ಲೈಸೆನ್ಸ್ ತಗೊಂಬನ್ನಿ” ಎಂದರು. ಮುಂದಿನ ಸಲ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರತಿಯನ್ನೇ ತಂದೆ. ಅವರು ಅದನ್ನು ಎರಡು ಬದಿ ತಿರುಗಿಸಿ ನೋಡಿ, “ಇದು ದಿಲ್ಲೀದು ಮೇಡಂ. ಇದು ಬೆಂಗಳೂರು ಗ್ರಾಮಾಂತರ” ಎಂದರು. ನಮ್ಮ ಜಿಲ್ಲೆ ದೇಶದಿಂದ ಹೊರಬಿದ್ದ ಸುದ್ದಿ ನನಗೆ ತಿಳಿದಿರಲಿಲ್ಲ. ಮೆಟ್ಟಿಲಿಳಿಯುವಾಗ ತಮ್ಮ ಸಿಬ್ಬಂದಿಯೊಬ್ಬರು ಹಿಂದೆಯೇ ಬಂದು, “ಮೇಡಂ, ಆ ಸೆಟ್ ಎಲ್ ಸಿಗುತ್ತೆ? ನಮ್ ಭಾವಮೈದ ಲಾರಿ ಇಟ್ಟಿದಾನೆ” ಎಂದು ಕೇಳಿದರು. ಹೇಳಿಕೊಟ್ಟೆ. ದೊಡ್ಡದು ಬೇಡ, ಸದ್ದು ಅಡಗಿಸುವ ಗುಂಡಿ ಇರಲಿ, ಗಿಡ್ಡ ಏರಿಯಲ್ ಇರಲಿ, ಮಾತು ಪಕ್ಕದಲ್ಲಿ ಕೂತವರು ಆಡಲಿ. ತಮ್ಮ ಕೈಗೆ ಮಾತ್ರ ಸಿಗದಿರಲಿ ಎಂಬುದನ್ನು ಸೌಜನ್ಯಕ್ಕಾಗಿ ಹೇಳಲಿಲ್ಲ.

ಒಂದು ಸೆಟ್ಟಿನಿಂದ ಯಾರ ಜೊತೆ ಮಾತಾಡುವುದು? ಸೊಣ್ಣಮ್ಮ ಈಗಲೂ ಅಭ್ಯಾಸ ಬಲದಿಂದ ಮೈಕು ಹಿಡಿದು ಕೂರುತ್ತಾಳೆ. ದೊಡ್ಡಬೆಳವಂಗಲದಲ್ಲಿ ನಮಗೆ ಮುಂದಿನ ಮದುವೆ ಗೊತ್ತಾಗಿದೆ. ಅದಕ್ಕೆ ಮೊದಲು ನಮ್ಮ ಸೆಟ್ಟು ತಂತಿ ಸಮೇತ ನಮಗೆ ಬರಬೇಕು. ಯಾವ ರೇಡಿಯೋಗೆ ಲೈಸೆನ್ಸು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ತಪಾಸಣೆಗೆ ನಿಲ್ಲುವವರಿಗೆಲ್ಲ ತಾವು ಬರಹದಲ್ಲಿ ತಿಳಿಸಬೇಕು. ಇಷ್ಟೇ ನನ್ನ ಒತ್ತಾಯ.

ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಅವರು ಕಣ್ಣುಮುಚ್ಚಿ ಪೂರ್ತಿ ಕೇಳಿ, “ಇಷ್ಟುದ್ದ ಯಾಕ್ ಬರೆಯಕ್ ಹೋದೆ? ಆ ಸಾಹೇಬ್ರು ಅವತ್ತು ಬೆಳಿಗ್ಗೆ ಏನೂ ತಿಂದಿರ್ಲಿಲ್ಲ ಅನ್ಸುತ್ತೆ, ಮುಖ ಒಣಗಿತ್ತು. ಮದ್ವೆಗೆ ಊಟಕ್ ಬನ್ನಿ, ಬರೋವಾಗ ಅದನ್ನ ತಗೊಂಬನ್ನಿ ಅಂತ ಬರುದ್ರೆ ಸಾಕಿತ್ತು” ಎಂದರು.

ಅದನ್ನೂ ಬರೆದಿದ್ದೇನೆ. ಮೊದಲ ಪಂಕ್ತಿಯಲ್ಲೇ ತಮಗೆ ಎಲೆ ಹಾಕಿಸುತ್ತೇವೆ.

ಇಂತಿ,
ಅರ್ಧ ಮಾತಿನಲ್ಲೇ ಬಾಯಿ ಕಟ್ಟಿಸಿಕೊಂಡು ನಿಂತ,
ಅಕ್ಷತ, ಮಧುರೆ
(ಅತ್ತೆ ಅಕ್ಕಯಮ್ಮನವರ ಒಪ್ಪಿಗೆ ಅರ್ಧಕ್ಕೆ ಮಾತ್ರ)