ಗೋಡೆಗೆ ನೀರು ಹೊಡೆಯುವಾಗ

ಜಾಜರಕೋಟ, ನೇಪಾಳ
ಫೆಬ್ರವರಿ 16, 2025

ಪ್ರೀತಿಯ ಕೋಮಲಳಿಗೆ,

ನೀನು ನನ್ನ ಫೋನ್ ತೆಗೆಯುವುದಿಲ್ಲ. ತೆಗೆದಿದ್ದರೂ ಈ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ, ಅದಕ್ಕೇ ಕಾಗದ. ನಮ್ಮ ತಂಡದ ಹೇಮಾಶ್ರೀ, ಅರಸೀಕೆರೆಯ ಟೀಚರು, ನಾಳೆ ಊರಿಗೆ ಹೊರಟಿದ್ದಾರೆ. ಮಾದಿಹಳ್ಳಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾರೆ.

ಇಲ್ಲಿನ ಚಳಿಗೆ ಕರಣೆ ಹಿಡಿದ ಬೆರಳು ಬಿಡಿಸಲು ಬರುವುದಿಲ್ಲ. ಭೂಕಂಪದಲ್ಲಿ ಮನೆ ಬಿದ್ದವರಿಗೆ ಎರಡೆರಡು ಕೋಣೆಯ ಮನೆ ಕಟ್ಟಿಕೊಡುತ್ತಿದ್ದೇವೆ. ಇಂಜಿನಿಯರು, ಕಾಲೇಜು ಓದುವವರು ಎಲ್ಲ ಇದ್ದಾರೆ, ಆದರೆ ಗೋಡೆಯ ಮೂಲೆ ಎತ್ತಬೇಕಾದರೆ ಗಾರೆ ಕೆಲಸದ ಈ ಯುವರಾಜನನ್ನೇ ಕೂಗುತ್ತಾರೆ. ನೀನಿದ್ದಿದ್ದರೆ, ಜಂಬ ಸಾಕು, ಗೋಡೆ ನೋಡಿ ಅನ್ನುತ್ತಿದ್ದೆ. ಗೆಂಡೆಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹಾರ ಹಾಕಿ ಕಳಿಸಿದ್ದು ನಿನ್ನ ಕಿವಿಗೂ ಬಿದ್ದಿರಬೇಕು. ಪರದೇಶದ ಬಡವರಿಗೆ ಮನೆ ಕಟ್ಟಲು ಹೊರಟ ಪುಣ್ಯಾತ್ಮ ಅಂತ ಭಾಷಣ ಬೇರೆ. ನಾನು ಪುಣ್ಯಕ್ಕೆ ಬರಲಿಲ್ಲ ಕಣೇ. ಲಿಂಟಲ್‌ವರೆಗೆ ಎದ್ದು ನಿಂತುಹೋದ ನಮ್ಮ ಮನೆಯನ್ನು ದಿನಾ ನೋಡಲಾರದೆ ಓಡಿಬಂದೆ.

ಮೊನ್ನೆ ಇಲ್ಲೊಂದು ನಡೆಯಿತು. ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯಲು ಟಾರ್ಪಾಲು ಹಾಸಿ ಒಂದು ಗುಂಡಿ ಮಾಡಿದ್ದೇವೆ, ಮೇಲೆ ಹಲಗೆ ಮುಚ್ಚುತ್ತೇವೆ. ಮಧ್ಯಾಹ್ನ ನೋಡಿದರೆ ಹಲಗೆ ಪಕ್ಕಕ್ಕಿದೆ, ಮನೆಯಾಕೆಯ ಎರಡು ವರ್ಷದ ಮಗಳು ಅಂಚಿನಲ್ಲಿ ಕೂತು ನೀರಿಗೆ ಕೈ ಬಿಡುತ್ತಿದ್ದಾಳೆ. ಓಡಿಹೋಗಿ ಎತ್ತಿಕೊಂಡೆ. ಸಿಟ್ಟು ನೆತ್ತಿಗೇರಿತು. ಎದುರಿಗಿದ್ದವರು ಹೇಮಾಶ್ರೀ. ಹೆಣ್ಣಾಗಿ ಇಷ್ಟೂ ಗ್ಯಾನ ಇಲ್ವ, ಕಣ್ಣು ಎಲ್ಲಿಟ್ಟಿದ್ದೆ ಅಂತ ಏಕವಚನದಲ್ಲೇ ಕೂಗಾಡಿದೆ. ಅವ್ವ ಆ ದಿನ ನಿನಗಂದ ಮಾತುಗಳೇ, ಒಂದಕ್ಷರ ಬಿಡದೆ. ಆಕೆ ತಬ್ಬಿಬ್ಬಾಗಿ, ಇರಬೋದು ಅಣ್ಣ, ನಾನೇ ಮರೆತೆನೇನೋ ಅಂದರು.

ಅದೂ ನಿನ್ನ ಮಾತೇ. ಈ ಗುಂಡಿಯಿಂದ ಕೊನೆಯ ಬಕೆಟ್ ಎತ್ತಿದ್ದು ನಾನು ಅಂತ ಆಗ ನೆನಪಾಯಿತು. ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ಇಲ್ಲಿ ಕಲಿತ ಅರೆಬರೆ ನೇಪಾಳಿಯಲ್ಲಿ, ಮೇರೋ ಗಲ್ತಿ, ತಪ್ಪು ನನ್ನದು ಅಂದೆ. ಮನೆಯಾಕೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು. ಅಷ್ಟೇ. ಯಾರೂ ಹೊಡೆಯಲಿಲ್ಲ, ಭೂಮಿ ಬಾಯಿ ಬಿಡಲಿಲ್ಲ. ಎರಡೇ ಮಾತು. ಅದನ್ನು ನಾನು ನಮ್ಮೂರಲ್ಲಿ ಆಡಲಿಲ್ಲ.

ನಮ್ಮ ಸಂತು ನೀರಿನ ಸಂಪಿನೊಳಗೆ ಬಿದ್ದ ದಿನ ಮುಚ್ಚಳ ತೆಗೆದವನು ನಾನು, ಕೋಮಲ. ಹೊಸಮನೆಯ ಪಡುವಣ ಗೋಡೆ ಬಿಸಿಲಿಗೆ ಒಣಗುತ್ತಿತ್ತು, ಎರಡು ಬಕೆಟ್ ಹೊಡೆದೆ. ಅಷ್ಟರಲ್ಲಿ ಜಲ್ಲಿ ಲಾರಿ ಬಂತು, ಹಾಗೇ ಬಿಟ್ಟು ರಸ್ತೆಗೆ ಓಡಿದೆ. ನಮ್ಮ ಮಗುವಿಗೆ ಮೂರೇ ವರ್ಷ. ಜನ ಸೇರಿದಾಗ ಅವ್ವ ನಿನ್ನ ಕಡೆ ತಿರುಗಿದಳು. ನೀನು ಅಳುತ್ತಾ, ನಾನೇ ಮರೆತೆನೇನೋ ಅಂದೆ. ನಾನು ತಲೆ ತಗ್ಗಿಸಿ ನಿಂತೆ. ದುಃಖಕ್ಕೆ ಅಂದುಕೊಂಡರು. ಮಣ್ಣು ಮಾಡಿ ಬಂದಾಗಲೂ ಹೇಳಲಿಲ್ಲ, ನೀನು ಬ್ಯಾಗು ಹಿಡಿದು ಮಾದಿಹಳ್ಳಿ ಬಸ್ಸು ಹತ್ತಿದಾಗಲೂ ಹೇಳಲಿಲ್ಲ. ಎರಡು ವರ್ಷ ನೀನು ಮಗನನ್ನು ಕೊಂದ ತಾಯಿಯಾಗಿ ಬದುಕಿದೆ, ನಾನು ಮಗನನ್ನು ಕಳಕೊಂಡ ತಂದೆಯಾಗಿ.

ನಿನ್ನೆ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಆಗಿದ್ದು ಆಗೋಗೈತೆ, ಈಗ ಅವಳಿಗೆ ಯಾಕೆ ಏಳ್ತೀಯ ಅಂದಳು. ಅದನ್ನು ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ. ಈ ಕಾಗದವನ್ನು ನಿಮ್ಮಪ್ಪ ಜವರಣ್ಣನವರಿಗೂ ತೋರಿಸು, ಯಾರಿಗೆ ಬೇಕಾದರೂ ಓದಿಸು. ಬಾ ಅಂತ ಕರೆಯುವ ಮುಖ ನನಗಿಲ್ಲ. ಕ್ಷಮಿಸು ಅಂತಲೂ ಕೇಳುವುದಿಲ್ಲ.

ನಿನ್ನವನು ಅಂತ ಬರೆಯಬಹುದೋ ಇಲ್ಲವೋ ತಿಳಿಯದ,
ಯುವರಾಜ

ತಾ.ಕ.: ಒಂದು ಮಾತು ಬರೆಯದೆ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಎಳ್ಳಷ್ಟೂ ಅನುಮಾನ ಉಳಿಯಬಾರದು. ಆ ದಿನ ನೀನು ಮುಚ್ಚಳ ಹಾಕಿದ್ದೆ. ಮಗು ಸರಿಸದ ಹಾಗೆ ಅದರ ಮೇಲೆ ಪಾಯಕ್ಕೆ ತಂದ ಒಂದು ಸೈಜುಗಲ್ಲನ್ನೂ ಹೇರಿದ್ದೆ. ಅದನ್ನೆತ್ತಿ ಪಕ್ಕಕ್ಕಿಡಲು ನನಗೇ ಎರಡೂ ಕೈ ಬೇಕಾಯಿತು.